ಸ್ಮಾರಕಶಿಲೆಗೆ ಬೆಂಗಳೂರಿನಿಂದ ಒಂದು ಪ್ರಶ್ನೆ

ಈಚೆಗೆ ಒಂದು ಸ್ಕೌಟ್ ಸಮಾರಂಭದಲ್ಲಿ ಎರಡು ಮಾತಾಡಲು ನನ್ನನ್ನು ಕರೆದಿದ್ದರು. ನನಗಿಂತ ಮೊದಲು ಎದ್ದ ಮಹನೀಯರು ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪವನ್ನು ಕಾಶಿ ರಾಮೇಶ್ವರಗಳ ಸಾಲಿಗೆ ಸೇರಿಸಿಯೇಬಿಟ್ಟರು. ದಾಕ್ಷಿಣ್ಯಕ್ಕೆ ಅಂದು ನುಂಗಿದ ಮಾತನ್ನು ಇಲ್ಲಿ ಆಡುತ್ತೇನೆ.

ದ್ವೀಪದ ಹಿರಿಮೆಯನ್ನು ಅಲ್ಲಗಳೆಯುವವನು ನಾನಲ್ಲ. 1907ರ ಆಗಸ್ಟ್‌ನಲ್ಲಿ ಬೇಡನ್-ಪೊವೆಲ್ ಸಾಹೇಬರು ಸುಮಾರು ಇಪ್ಪತ್ತು ಹುಡುಗರೊಡನೆ ಅಲ್ಲಿ ಡೇರೆ ಹಾಕಿದರು. ಸಿರಿವಂತರ ಶಾಲೆಗಳ ಹುಡುಗರೂ ನೆರೆಯ ಪೂಲ್, ಬೋರ್ನ್‌ಮತ್ ಊರುಗಳ ಸಾಮಾನ್ಯರ ಮಕ್ಕಳೂ ತೋಳ, ಗೂಳಿ, ಕಾಡುಕಾಗೆ, ಕಡಲಹಕ್ಕಿ ಎಂಬ ನಾಲ್ಕು ದಳಗಳಲ್ಲಿ ಬೆರೆತರು. ಪಂಕ್ತಿಭೇದ ಬ್ರಾಹ್ಮಣರ ಮನೆಗಳಿಗೆ ಮಾತ್ರ ಮೀಸಲಾದ ರೋಗವಲ್ಲ. ಅಂದಿನ ಇಂಗ್ಲೆಂಡಿನಲ್ಲಿ ಇದು ಸಣ್ಣ ಸಾಹಸವೇನಲ್ಲ. ಹುಡುಗರನ್ನು ಎಬ್ಬಿಸುತ್ತಿದ್ದ ಕೊಂಬಿನ ಕಹಳೆ ಮಾತ್ರ 1896ರಲ್ಲಿ ಆಫ್ರಿಕದ ಮಟಬೆಲೆಯವರ ಮೇಲಿನ ದಂಡಯಾತ್ರೆಯಲ್ಲಿ ಕೈಸೇರಿದ್ದು. ಆ ಮಾತನ್ನು ನಮ್ಮ ಭಾಷಣಕಾರರು ಎತ್ತುವುದಿಲ್ಲ.

ಮುಂದೆ 1927ರಲ್ಲಿ ದ್ವೀಪವನ್ನು ಕೊಂಡ ಮೇರಿ ಬೋನಮ್-ಕ್ರಿಸ್ಟಿ ಎಂಬಾಕೆ ಜನರಿಗೆ ಬಾಗಿಲು ಹಾಕಿದರು. ಆಕೆ 1961ರಲ್ಲಿ ತೀರಿಕೊಂಡ ಮೇಲೆ ನ್ಯಾಷನಲ್ ಟ್ರಸ್ಟ್ ಅದನ್ನು ವಹಿಸಿಕೊಂಡು 1963ರಲ್ಲಿ ತೆರೆಯಿತು. ಮೊದಲ ಶಿಬಿರದ ಷಷ್ಟಿಪೂರ್ತಿಗೆ, 1967ರಲ್ಲಿ, ಸ್ಮಾರಕಶಿಲೆ ನಿಂತಿತು.

ನನ್ನ ತಕರಾರು ಇಲ್ಲಿಂದ ಸುರುವಾಗುತ್ತದೆ. ಆ ಡೇರೆಗಳನ್ನು ಕಿತ್ತು ಎರಡು ವರ್ಷವಾಗಿತ್ತು, ಅಷ್ಟೆ. 1909ರಲ್ಲಿ ಭಾರತದ ಮೊದಲ ಸ್ಕೌಟ್ ದಳ ನಮ್ಮ ಬೆಂಗಳೂರಿನಲ್ಲಿಯೇ ಹುಟ್ಟಿತು. ಕಟ್ಟಿದವರು ಕ್ಯಾಪ್ಟನ್ ಬೇಕರ್. ಸೇರಬಹುದಾದವರು ಯಾರು? ಬ್ರಿಟಿಷರ, ಆಂಗ್ಲೋ-ಇಂಡಿಯನ್ನರ ಮಕ್ಕಳು. ದಂಡಿನ ಆಚೆ ಪೇಟೆಯಲ್ಲಿದ್ದ ಕನ್ನಡದ ಹುಡುಗ ಬೇಲಿಯ ಹೊರಗೆ. ಬ್ರೌನ್‌ಸೀಯಲ್ಲಿ ಅಳಿಸಿದ ಗೆರೆಯನ್ನು ಇಲ್ಲಿ ಹೊಸದಾಗಿ ಎಳೆದವರಾರು, ಸ್ವಾಮಿ? ನಮ್ಮ ಮಕ್ಕಳಿಗಾಗಿ 1917ರಲ್ಲಿ ಮದರಾಸಿನಲ್ಲಿ ಆನಿ ಬೆಸೆಂಟರೂ ಅರುಂಡೇಲರೂ ಬೇರೆಯೇ ಸಂಘ ಕಟ್ಟಬೇಕಾಯಿತು.

2020ರಲ್ಲಿ ಪೂಲ್ ಬಂದರುಕಟ್ಟೆಯ ಬೇಡನ್-ಪೊವೆಲ್ ಪ್ರತಿಮೆಯನ್ನು ತೆಗೆಸಬೇಕೆಂಬ ಕೂಗೆದ್ದು, ಪುಂಡರು ಕೆಡವಿಯಾರೆಂದು ಅದಕ್ಕೆ ಹಲಗೆ ಹೊದಿಸಿದರು. ಕೆಡಹುವವರ ಪಕ್ಷಕ್ಕೆ ನಾನು ಸೇರಿದವನಲ್ಲ. ಹಾಗೆಂದು ಹಾರದ ಪಕ್ಷಕ್ಕೂ ಸೇರಲಾರೆ. ಶಿಲೆ ಅಲ್ಲೇ ಇರಲಿ. ಆದರೆ ಬ್ರೌನ್‌ಸೀಯ ಕಥೆಯನ್ನು ನಮ್ಮ ಮಕ್ಕಳಿಗೆ ಹೇಳುವವರು ಬೆಂಗಳೂರಿನ ಕಥೆಯನ್ನೂ ಅದೇ ಉಸಿರಿನಲ್ಲಿ ಹೇಳಲಿ.

ಅಂದು ಸಭೆ ಮುಗಿದ ಮೇಲೆ ಮುಂದಿನ ಸಾಲಿನ ಹುಡುಗರನ್ನು 1907ರಲ್ಲಿ ಏನಾಯಿತೆಂದು ಕೇಳಿದೆ. ಪಟಪಟನೆ ಒಪ್ಪಿಸಿದರು. 1909ರಲ್ಲಿ, ಇದೇ ಊರಿನಲ್ಲಿ? ಒಬ್ಬರ ಮುಖ ಒಬ್ಬರು ನೋಡಿಕೊಂಡರು.