ಡಿಸ್ಕಿಗೂ ಒಂದು ಬದು ಹಾಕಿಸಿ!



ನಿಮ್ಮೂರ ಶಾಲೆಗೋ ಗ್ರಂಥಾಲಯಕ್ಕೋ ಹತ್ತು ಕಂಪ್ಯೂಟರ್ ಬಂದವು ಎನ್ನಿ. ಬಲ್ಲವರೊಬ್ಬರು ಒಂದು ಲಿನಕ್ಸ್ ಇಮೇಜ್ ಸಿದ್ಧಪಡಿಸುತ್ತಾರೆ. ಇಮೇಜ್ ಎಂದರೆ ಇಡೀ ಡಿಸ್ಕಿನ ಪಡಿಯಚ್ಚು. ಅದನ್ನೇ ಹತ್ತಕ್ಕೂ ಇಳಿಸಿದರೆ ಕೆಲಸ ಮುಗಿಯಿತು. ಆದರೆ ಅದರೊಳಗೆ ಡಿಸ್ಕನ್ನು ಹೇಗೆ ಪಾಲು ಮಾಡಿದ್ದಾರೆ ಎಂದು ಯಾರಾದರೂ ಕೇಳುತ್ತೇವೆಯೇ? ಇಲ್ಲ! ಕೇಳಲೇಬೇಕು.

ಬಹಳ ಮಂದಿ ಸುಲಭದ ದಾರಿ ಹಿಡಿಯುತ್ತಾರೆ. ಬೂಟ್ ಆಗಲು ಒಂದು ಚಿಕ್ಕ ಪಾರ್ಟಿಷನ್, ಉಳಿದದ್ದೆಲ್ಲ ಒಂದೇ ದೊಡ್ಡ ಪಾರ್ಟಿಷನ್. ವ್ಯವಸ್ಥೆಯ ತಂತ್ರಾಂಶವೂ ಅಲ್ಲೇ, ಮಕ್ಕಳ ಬರಹವೂ ಅಲ್ಲೇ. ಕೊಟ್ಟಿಗೆ, ಕಣಜ, ಅಡುಗೆಮನೆ ಎಲ್ಲ ಗೋಡೆಯಿಲ್ಲದೆ ಒಂದೇ ಸೂರಿನಡಿ! ನಾಳೆ ವ್ಯವಸ್ಥೆ ಕೆಟ್ಟರೆ ಹೊಸ ಇಮೇಜ್ ಇಳಿಸುತ್ತಾರೆ. ವರ್ಷವಿಡೀ ಟೈಪ್ ಮಾಡಿದ ಕಥೆ, ಲೆಕ್ಕ, ಚಿತ್ರ ಎಲ್ಲ ಗುಡಿಸಿ ಹೋಗುತ್ತದೆ. ಹೊಣೆ ಯಾರು?

ಮದ್ದು ದುಬಾರಿಯಲ್ಲ. ಬಳಕೆದಾರರ ಕಡತಗಳಿರುವ 'ಹೋಮ್'ಗೆ ಬೇರೆಯೇ ಪಾರ್ಟಿಷನ್ ಕೊಡಿ. ವ್ಯವಸ್ಥೆ ಕೆಟ್ಟಾಗ ಅದರ ಪಾರ್ಟಿಷನ್ನಿಗೆ ಮಾತ್ರ ಹೊಸದನ್ನು ಇಳಿಸಿ. ನೆನಪಿರಲಿ, ಇಡೀ ಡಿಸ್ಕಿಗೆ ಇಳಿಸಿದರೆ ಬದುವೂ ಉಳಿಯದು, ಬೆಳೆಯೂ ಉಳಿಯದು!

ಪಾಲುಪಟ್ಟಿಯೂ ಗಟ್ಟಿಯಿರಲಿ. ಹಳೆಯ ಎಂಬಿಆರ್ ಪಟ್ಟಿಯಲ್ಲಿ ಮುಖ್ಯ ಪಾರ್ಟಿಷನ್ 4 ಮಾತ್ರ. ಜಿಪಿಟಿ ಪಟ್ಟಿಯಲ್ಲಿ ಸಾಮಾನ್ಯವಾಗಿ 128ಕ್ಕೆ ಜಾಗವುಂಟು. ಜೊತೆಗೆ ಪಟ್ಟಿಯ ಇನ್ನೊಂದು ಪ್ರತಿ ಡಿಸ್ಕಿನ ಕೊನೆಯಲ್ಲಿರುತ್ತದೆ. ಒಂದು ಕೆಟ್ಟರೆ ಇನ್ನೊಂದು ಸಾಕ್ಷಿ! ಆದರೆ ಚಿಕ್ಕ ಇಮೇಜನ್ನು ದೊಡ್ಡ ಡಿಸ್ಕಿಗೆ ಇಳಿಸಿದಾಗ ಆ ಪ್ರತಿ ನಡುವೆಯೇ ನಿಂತುಬಿಡುತ್ತದೆ. ಅದನ್ನು ಕೊನೆಗೆ ಸರಿಸಿ, ಆಮೇಲೆ ಕಡೆಯ ಪಾರ್ಟಿಷನ್ನನ್ನು ಹಿಗ್ಗಿಸಬೇಕು. ಹಾಗಾಗಿ ಹೋಮ್ ಕಡೆಯಲ್ಲೇ ಇರಲಿ. ಉಳಿದ ಜಾಗವೆಲ್ಲ ಮಕ್ಕಳ ಪಾಲಿಗೆ ಬರಲಿ.

'ಗೋಡೆ ಹಾಕಿದರೆ ಒಂದು ಕಡೆ ತುಂಬಿ ಇನ್ನೊಂದು ಕಡೆ ಖಾಲಿ ಉಳಿಯುತ್ತದಲ್ಲ' ಎನ್ನುವವರಿದ್ದಾರೆ. ಮಾತು ಸುಳ್ಳಲ್ಲ. ಆದರೆ ಶಾಲೆಯ ಸಾಮಾನ್ಯ ಕಂಪ್ಯೂಟರಿನಲ್ಲಿ ವ್ಯವಸ್ಥೆಗೆ 40 ಜಿಬಿ ಬಿಟ್ಟರೆ ಇಕ್ಕಟ್ಟಾಗುವುದು ಅಪರೂಪ. ಒಂದಿಷ್ಟು ಜಾಗ ಖಾಲಿ ಉಳಿದರೆ ನಷ್ಟವೇನು? ಮಗುವಿನ ಬರಹ ಅಳಿದರೆ ಅದನ್ನು ತಂದುಕೊಡುವವರು ಯಾರು?

ಇನ್ನೊಂದು ಮಾತು. ಬದು ಇದ್ದ ಮಾತ್ರಕ್ಕೆ ಮೈಮರೆಯಬೇಡಿ. ಡಿಸ್ಕೇ ಸತ್ತರೆ ಎರಡೂ ಪಾಲು ಒಟ್ಟಿಗೇ ಮುಳುಗುತ್ತವೆ. ಬ್ಯಾಕಪ್ ಬೇರೆ ಡಿಸ್ಕಿನಲ್ಲಿ ಇರಲೇಬೇಕು.

ಮುಂದಿನ ಸಲ ಇಮೇಜ್ ಹಿಡಿದು ಬಂದವರನ್ನು ಒಂದೇ ಪ್ರಶ್ನೆ ಕೇಳಿ: 'ಹೋಮ್ ಬೇರೆ ಇದೆಯೇ ಸ್ವಾಮಿ?' ಇಲ್ಲವೆಂದರೆ ವಾಪಸ್ ಕಳಿಸಿ, ಬದು ಹಾಕಿಸಿಕೊಂಡು ಬರಲಿ. ಕಂಪ್ಯೂಟರ್ ಕೆಟ್ಟರೆ ಇನ್ನೊಂದು ಬರುತ್ತದೆ. ಬರೆದದ್ದು ಹೋದರೆ ಹೋಯಿತು!