ಒಪ್ಪಿಗೆ ಇಲ್ಲದ ಖರ್ಚು

1862ರ ಸೆಪ್ಟೆಂಬರ್. ಪ್ರಷ್ಯದ ರಾಜನಿಗೆ ಸೈನ್ಯವನ್ನು ಹೆಚ್ಚಿಸಲು ಹಣ ಬೇಕಾಗಿತ್ತು. ಜನಪ್ರತಿನಿಧಿಗಳ ಸಭೆ ಕೊಡುವುದಿಲ್ಲ ಎನ್ನುತ್ತಿತ್ತು. ಹಾಗೆಂದು ಹಣವೇನೂ ಇಲ್ಲದಿರಲಿಲ್ಲ. ತೆರಿಗೆ ಎಂದಿನಂತೆ ವಸೂಲಾಗುತ್ತಿತ್ತು, ಖಜಾನೆಯ ಬೀಗದ ಕೈ ಹಣಕಾಸು ಮಂತ್ರಿಯ ಕೈಯಲ್ಲೇ ಇತ್ತು. ಸಭೆ ಬೇಡವೆಂದ ಮೇಲೂ ತೆಗೆದು ಖರ್ಚು ಮಾಡಬಹುದೆ?

ಮಂತ್ರಿ ಆಗುವುದಿಲ್ಲ ಎಂದ. ಅಧಿಕಾರ ಬಿಟ್ಟು ಹೊರನಡೆದ. ಅದೇ ವಾರ ಒಳಗೆ ಬಂದವನು ಬಿಸ್ಮಾರ್ಕ್. ಬಂದವನ ಬಗ್ಗೆ ಇತಿಹಾಸದ ಪುಸ್ತಕಗಳು ಪುಟಗಟ್ಟಲೆ ಹೇಳುತ್ತವೆ. ಹೋದವನ ಹೆಸರು ಆಗಸ್ಟ್ ಫಾನ್ ಡೆರ್ ಹೈಟ್. ಪರೀಕ್ಷೆಗೆ ಓದುವ ಮಕ್ಕಳಿಗೆ ಈ ಹೆಸರು ಸಿಗುವುದು ಅಪರೂಪ.

ಆಗ ಜರ್ಮನಿ ಎಂಬ ಒಂದೇ ರಾಷ್ಟ್ರ ಇನ್ನೂ ಆಗಿರಲಿಲ್ಲ. ಹತ್ತಾರು ರಾಜ್ಯಗಳಿದ್ದವು, ಅವುಗಳಲ್ಲಿ ಪ್ರಷ್ಯ ಬಲಶಾಲಿ. ಅದರ ಪಶ್ಚಿಮ ಭಾಗದಲ್ಲಿ, ವುಪರ್ ನದಿಯ ದಡದ ಎಲ್ಬರ್‌ಫೆಲ್ಡ್ ಪಟ್ಟಣದಲ್ಲಿ ಹೈಟ್ ಹುಟ್ಟಿದ್ದು 1801ರ ಫೆಬ್ರವರಿ 15ರಂದು. ನೂಲು, ಬಟ್ಟೆ, ಬಣ್ಣದ ಊರು ಅದು. ಪಕ್ಕದ ಬಾರ್ಮೆನ್‌ನಲ್ಲಿ ಗಿರಣಿ ಮಾಲೀಕನೊಬ್ಬನ ಮಗನಾಗಿ 1820ರಲ್ಲಿ ಹುಟ್ಟಿದವನು ಫ್ರೆಡರಿಕ್ ಏಂಗೆಲ್ಸ್. ಇಂದು ಎರಡೂ ಊರು ಕೂಡಿ ವುಪರ್‌ಟಾಲ್ ಎಂಬ ಒಂದೇ ನಗರ. ಬಂಡವಾಳದ ದೊಡ್ಡ ವೈರಿಯೂ ಬಂಡವಾಳದ ಮಂತ್ರಿಯೂ ಹೀಗೆ ಒಂದೇ ಕಣಿವೆಯ ನೀರು ಕುಡಿದವರು!

ಹೈಟ್ ಮನೆತನದ್ದು ಬ್ಯಾಂಕು. ಗಿರಣಿಯವರಿಗೆ, ವ್ಯಾಪಾರಿಗಳಿಗೆ ಸಾಲ ಕೊಡುವುದು ಅದರ ಕಸುಬು. ಸೋದರ ಡೇನಿಯಲ್ ಕೂಡ ಬ್ಯಾಂಕಿನವನೇ. ಆದರೆ ಆತನ ಹೆಸರು ಉಳಿದದ್ದು ಬಡವರ ನೆರವಿನ ವ್ಯವಸ್ಥೆಯಿಂದ. 1853ರಲ್ಲಿ ಎಲ್ಬರ್‌ಫೆಲ್ಡನ್ನು ಸಣ್ಣಸಣ್ಣ ವಿಭಾಗಗಳಾಗಿ ಹಂಚಿ, ಊರಿನವರೇ ಸಂಬಳವಿಲ್ಲದೆ ಕೆಲವೇ ಬಡ ಕುಟುಂಬಗಳ ಯೋಗಕ್ಷೇಮ ನೋಡಿಕೊಳ್ಳುವಂತೆ ಮಾಡಿದವರಲ್ಲಿ ಆತ ಮುಖ್ಯ. ಈ ಪದ್ಧತಿಯನ್ನು ಮುಂದೆ ಜರ್ಮನಿಯ ಎಷ್ಟೋ ನಗರಗಳು ಅನುಸರಿಸಿದವು.

ಅಣ್ಣತಮ್ಮಂದಿರಲ್ಲಿ ಆಗಸ್ಟನನ್ನು ಸೆಳೆದದ್ದು ರಾಜಕೀಯ. 1847ರಲ್ಲಿ ರಾಜ ಬರ್ಲಿನ್ನಿನಲ್ಲಿ ಪ್ರಾಂತ್ಯಗಳ ಪ್ರತಿನಿಧಿಗಳೆಲ್ಲರ ಸಂಯುಕ್ತ ಸಭೆ ಕರೆದಾಗ ಆತನೂ ಅಲ್ಲಿದ್ದ. ರಾಜನಿಗೆ ಸಭೆಯ ಮೇಲೆ ಅಕ್ಕರೆ ಉಕ್ಕಿ ಕರೆದದ್ದಲ್ಲ. ಬರ್ಲಿನ್ನಿನಿಂದ ಪೂರ್ವದ ಕೋನಿಗ್ಸ್‌ಬರ್ಗಿಗೆ ರೈಲು ಹಾಕಲು ಸಾಲ ಬೇಕಿತ್ತು. ಪ್ರತಿನಿಧಿಗಳ ಒಪ್ಪಿಗೆ ಇಲ್ಲದೆ ರಾಜ್ಯ ಹೊಸ ಸಾಲ ಎತ್ತಬಾರದೆಂದು 1820ರ ಕಾನೂನೊಂದು ಹೇಳುತ್ತಿತ್ತು. ಕಾಲಕಾಲಕ್ಕೆ ತಪ್ಪದೆ ಸೇರುವ ಸಭೆಯನ್ನು ಮೊದಲು ಕೊಡಿ, ಆಮೇಲೆ ಸಾಲದ ಮಾತು ಎಂದರು ಪ್ರತಿನಿಧಿಗಳು. ಹಣದ ವಿಷಯ ಬಂದರೆ ಸಲಿಗೆ ಸಲ್ಲದು ಎಂಬ ಅರ್ಥದ ಮಾತನ್ನು ಡೇವಿಡ್ ಹಾನ್ಸೆಮಾನ್ ಎಂಬ ಆಖೆನ್ನಿನ ವ್ಯಾಪಾರಿ ಅಲ್ಲೇ ಆಡಿದ. ಅದು ಜರ್ಮನ್ ಭಾಷೆಯಲ್ಲಿ ಗಾದೆಯಾಗಿ ನಿಂತಿತು. ಸಭೆ ಸಾಲವನ್ನು ಭಾರಿ ಬಹುಮತದಿಂದ ತಿರಸ್ಕರಿಸಿತು.

ಮರುವರ್ಷ ಕ್ರಾಂತಿ. ಗಲಭೆ ಅಡಗಿಸಿದ ಸರ್ಕಾರ 1848ರ ಡಿಸೆಂಬರಿನಲ್ಲಿ ಹೈಟ್‌ನನ್ನು ವಾಣಿಜ್ಯ ಮತ್ತು ಲೋಕೋಪಯೋಗಿ ಮಂತ್ರಿಯಾಗಿ ಕರೆಯಿತು. ಹದಿಮೂರು ವರ್ಷಕ್ಕೂ ಹೆಚ್ಚು ಕಾಲ ಆ ಖಾತೆ ಆತನ ಬಳಿಯೇ ಇತ್ತು. 1847ರಲ್ಲಿ ಸಾಲ ಸಿಗದೆ ನಿಂತಿದ್ದ ಪೂರ್ವದ ರೈಲನ್ನು ಸರ್ಕಾರವೇ ಕಟ್ಟಿತು. ವಿಸ್ಚುಲ ನದಿಗೆ ಡಿರ್ಷೌ ಬಳಿ ಹಾಕಿದ ಸೇತುವೆ 1857ರಲ್ಲಿ ತೆರೆಯಿತು. ಅದರ ಉದ್ದ ಎಂಟುನೂರು ಮೀಟರಿಗೂ ಹೆಚ್ಚು. ಡಿರ್ಷೌ ಇಂದು ಪೋಲೆಂಡಿನಲ್ಲಿದೆ. ರೈಲು ಖಾಸಗಿ ಕಂಪನಿಗಳಿಗಿಂತ ಸರ್ಕಾರದ ಕೈಯಲ್ಲಿರಬೇಕೆಂದು ಹಟ ಹಿಡಿದವನು ಒಬ್ಬ ಬ್ಯಾಂಕರ್ ಎಂಬುದು ಗಮನಿಸಬೇಕಾದ ಸಂಗತಿ. ಪ್ರಷ್ಯದ ಮೊದಲ ಅಂಚೆ ಚೀಟಿ ಬಂದದ್ದೂ ಆತನ ಕಾಲದಲ್ಲೇ, 1850ರಲ್ಲಿ.

1859ರ ನವೆಂಬರ್ 3ರ ಒಂದು ಆಜ್ಞೆಗೆ ಇಂದಿಗೂ ಹೈಟ್‌ನ ಹೆಸರೇ ಇದೆ. ಬ್ರೆಜಿಲ್ಲಿನ ಕಾಫಿ ತೋಟಗಳಿಗೆ ಜರ್ಮನ್ ಬಡವರನ್ನು ಕರೆದೊಯ್ಯುವ ಏಜೆಂಟರಿಗೆ ಕೊಟ್ಟಿದ್ದ ಪರವಾನಗಿಯನ್ನು ಅದು ನಿಲ್ಲಿಸಿತು. ಹಡಗಿನ ಖರ್ಚನ್ನು ತೋಟದ ಧಣಿ ಮುಂಗಡ ಕೊಡುತ್ತಿದ್ದ. ಅಲ್ಲಿ ದುಡಿದು ತೀರಿಸಬೇಕು. ದುಡಿದಷ್ಟೂ ಸಾಲ ಉಳಿಯುತ್ತಿತ್ತು. ಸಾಲ ಕೊಟ್ಟೇ ಬೆಳೆದ ಮನೆತನದವನಿಗೆ ಅದು ಎಂಥ ಸಾಲವೆಂದು ಬಿಡಿಸಿ ಹೇಳಬೇಕಿರಲಿಲ್ಲ.

ಇಷ್ಟಾದರೂ ಆತ ಜನರ ಕಣ್ಮಣಿಯೇನೂ ಆಗಿರಲಿಲ್ಲ. ಕಟ್ಟಾ ಸಂಪ್ರದಾಯವಾದಿಗಳ ಸರ್ಕಾರ ಬಂದರೂ ಹೈಟ್ ಮಂತ್ರಿ, ಉದಾರವಾದಿಗಳು ಬಂದರೂ ಹೈಟ್ ಮಂತ್ರಿ. ಗಾಳಿ ಬಂದತ್ತ ತೂರಿಕೊಳ್ಳುವವನೆಂದು ಟೀಕಾಕಾರರು ಎಣಿಸಿದ್ದರೆ ಆಶ್ಚರ್ಯವಿಲ್ಲ. 1862ರ ಮಾರ್ಚಿನಲ್ಲಿ ಸೈನ್ಯದ ವೆಚ್ಚದ ಜಗಳದಿಂದ ಸಭೆ ವಿಸರ್ಜನೆಯಾಗಿ, ಉದಾರವಾದಿ ಮಂತ್ರಿಗಳು ಹೊರಬಿದ್ದಾಗ ಹೈಟ್ ಹಣಕಾಸು ಖಾತೆಗೆ ಬಂದ. ತೆರಿಗೆಯ ಮೇಲಿದ್ದ ಶೇಕಡ 25ರ ಹೆಚ್ಚುವರಿಯನ್ನು ಬಿಟ್ಟುಬಿಡೋಣ, ಸೈನ್ಯದ ಖರ್ಚನ್ನು ಇಳಿಸೋಣ ಎಂದು ಯುದ್ಧಮಂತ್ರಿ ರೋನ್‌ಗೆ ಬರೆದ. ಆ ಪತ್ರ ಹೇಗೋ ಪತ್ರಿಕೆಯವರ ಕೈಸೇರಿ ಅಚ್ಚಾಯಿತು! ಹೆಚ್ಚುವರಿ ತೆರಿಗೆ ಹೋಯಿತು. ಆದರೂ ಚುನಾವಣೆಯಲ್ಲಿ ವಿರೋಧಿಗಳೇ ಗೆದ್ದರು. ಸೆಪ್ಟೆಂಬರ್ 23ರಂದು ಸಭೆ ಸೈನ್ಯ ವಿಸ್ತರಣೆಯ ಹಣವನ್ನು 308ಕ್ಕೆ 11 ಮತಗಳಿಂದ ಹೊಡೆದುಹಾಕಿತು.

ಹೊಂದಿಕೊಂಡು ಹೋಗುವವನೆಂದು ಹೆಸರಾದ ಮಂತ್ರಿ ಗಟ್ಟಿಯಾಗಿ ನಿಂತದ್ದು ಆ ದಿನಗಳಲ್ಲೇ. ಬಜೆಟ್ ಇಲ್ಲದೆ ಆಡಳಿತ ನಡೆಸುವುದು ಸಂವಿಧಾನಕ್ಕೆ ವಿರುದ್ಧ ಎಂದ. ಅದರ ಹಿಂದೆ ಬ್ಯಾಂಕಿನ ಬುದ್ಧಿಯೂ ಇದ್ದಿರಬೇಕು. ರಾಜ್ಯಕ್ಕೆ ಸಾಲ ಕೊಡುವವನು ನೋಡುವುದು ರಾಜನ ಕಿರೀಟವನ್ನಲ್ಲ, ನಾಳೆ ಈ ಸಾಲ ಸಿಂಧುವೆಂದು ಒಪ್ಪಿಕೊಳ್ಳುವವರು ಯಾರೆಂಬುದನ್ನು. ಬಿಸ್ಮಾರ್ಕನಿಗೆ ಆ ಅಳುಕಿರಲಿಲ್ಲ. ರಾಜನಿಗೂ ಸಭೆಗೂ ಒಮ್ಮತವಾಗದಿದ್ದರೆ ಏನು ಮಾಡಬೇಕೆಂದು ಸಂವಿಧಾನ ಹೇಳಿಲ್ಲ, ಹೇಳದ ಕಡೆ ಅಧಿಕಾರ ರಾಜನದು ಎಂದು ವಾದಿಸಿ ನಾಲ್ಕು ವರ್ಷ ಒಪ್ಪಿಗೆಯಿಲ್ಲದೆಯೇ ಖರ್ಚು ಮಾಡಿದ.

ಕಥೆ ಇಲ್ಲಿಗೇ ನಿಂತಿದ್ದರೆ ಹೈಟ್ ಆದರ್ಶ ಪುರುಷನಾಗುತ್ತಿದ್ದ. ನಿಲ್ಲಲಿಲ್ಲ. 1866ರ ಜೂನ್‌ನಲ್ಲಿ ಆಸ್ಟ್ರಿಯದ ಮೇಲಿನ ಯುದ್ಧ ಇನ್ನೇನು ಶುರುವಾಗಬೇಕು ಎನ್ನುವಾಗ, ಆಗಿನ ಹಣಕಾಸು ಮಂತ್ರಿ ಹಿಂಜರಿದ. ಬಿಸ್ಮಾರ್ಕ್ ಕರೆದದ್ದು ಹೈಟ್‌ನನ್ನು. 65 ವರ್ಷದ ಬ್ಯಾಂಕರ್ ಬಂದ, ಯುದ್ಧಕ್ಕೆ ಹಣ ಹೊಂದಿಸುವ ಹೊಣೆ ಹೊತ್ತ. ಯಾವ ಕೆಲಸ ಒಲ್ಲೆನೆಂದು ಬಿಟ್ಟುಹೋಗಿದ್ದನೋ ಅದೇ ಕೆಲಸ!

ಆದರೆ ಬರಿಗೈಯಲ್ಲಿ ಬಂದಿರಲಿಲ್ಲ. ಸಭೆಯ ಜೊತೆ ಲೆಕ್ಕ ಸರಿಮಾಡಿಕೊಳ್ಳಬೇಕೆಂದು ಸರ್ಕಾರದೊಳಗೆ ಒತ್ತಾಯಿಸಿದವರಲ್ಲಿ ಆತ ಪ್ರಮುಖ. ಜುಲೈ 3ರಂದು ಕೋನಿಗ್‌ಗ್ರೇಟ್ಸ್‌ನಲ್ಲಿ ಪ್ರಷ್ಯ ಗೆದ್ದಿತು. ಗೆದ್ದವರು ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲ ಎಂದು ಆಸ್ಥಾನದ ಹಲವರು ಭಾವಿಸಿದ್ದರು. ಆದರೂ ಆಗಸ್ಟ್ 5ರಂದು ಸಿಂಹಾಸನದಿಂದ ಮಾತಾಡಿದ ರಾಜ, ಹಿಂದಿನ ವರ್ಷಗಳ ಖರ್ಚಿಗೆ ಕಾನೂನಿನ ಆಧಾರವಿರಲಿಲ್ಲವೆಂದು ಒಪ್ಪಿಕೊಂಡ. ಆದದ್ದನ್ನು ಹೊಟ್ಟೆಗೆ ಹಾಕಿಕೊಳ್ಳಿ ಎಂಬ ಮಸೂದೆ ಬಂತು. ಸೆಪ್ಟೆಂಬರ್ 3ರಂದು 230 ಮಂದಿ ಒಪ್ಪಿದರು, 75 ಮಂದಿ ಒಪ್ಪಲಿಲ್ಲ. ಸಭೆಗೆ ಗೌರವ ಮರಳಿತೆಂದರು ಕೆಲವರು. ತಪ್ಪು ಮಾಡಿ ಗೆದ್ದವನಿಗೆ ಸಭೆಯೇ ಪ್ರಶಸ್ತಿ ಪತ್ರ ಕೊಟ್ಟಿತೆಂದರು ಉಳಿದವರು. ಉದಾರವಾದಿಗಳ ಪಕ್ಷ ಆ ಮತದ ಮೇಲೆಯೇ ಒಡೆಯಿತು. ಯಾರು ಸರಿ ಎಂಬ ಚರ್ಚೆ ಇತಿಹಾಸಕಾರರಲ್ಲಿ ಬಹಳ ಕಾಲ ನಡೆದಿದೆ.

ಮುಂದಿನದು ಸಪ್ಪೆ. ಗೆದ್ದ ರಾಜ್ಯದ ಖರ್ಚು ಬೆಳೆಯಿತು, ಆದಾಯ ಸಾಲದಾಯಿತು. ಹೈಟ್ ಸೂಚಿಸಿದ ಹೊಸ ತೆರಿಗೆಗಳಿಗೆ ಪ್ರತಿನಿಧಿಗಳು ಸೊಪ್ಪು ಹಾಕಲಿಲ್ಲ. ಯುದ್ಧಕ್ಕೆ ಹಣ ಹೊಂದಿಸಿದವನು ಶಾಂತಿಕಾಲದ ಕೊರತೆಯನ್ನು ತುಂಬಲಾರದೆ 1869ರ ಅಕ್ಟೋಬರಿನಲ್ಲಿ ಕೆಳಗಿಳಿದ. ಬಳಿಕ ಬಂದ ಓಟ್ಟೊ ಕಾಂಪ್‌ಹೌಸೆನ್ ಹಳೆಯ ಸಾಲಗಳನ್ನು ಒಟ್ಟುಗೂಡಿಸಿ ಬಾಕಿಯ ಹೊರೆ ಇಳಿಸಿದ. 1874ರ ಜೂನ್ 13ರಂದು ಹೈಟ್ ಬರ್ಲಿನ್ನಿನಲ್ಲಿ ತೀರಿಕೊಂಡ.

ಅಲ್ಲಿಯ ಟಿಯರ್‌ಗಾರ್ಟನ್ ಬಳಿ ಆತ ಕಟ್ಟಿಸಿದ ಬಂಗಲೆ ಇನ್ನೂ ಇದೆ. ಮುಗಿದದ್ದು ರಾಜೀನಾಮೆಯ ವರ್ಷವೇ, 1862ರಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಹಾಳಾಗಿ, ಮತ್ತೆ ರಿಪೇರಿಯಾಗಿ, ಈಗ ಅದು ಪ್ರಷ್ಯದ ವಸ್ತುಸಂಗ್ರಹಾಲಯ, ಗ್ರಂಥಾಲಯಗಳನ್ನು ನೋಡಿಕೊಳ್ಳುವ ಪ್ರತಿಷ್ಠಾನದ ಕಚೇರಿ. ಅದರ ಖರ್ಚನ್ನು ಕೇಂದ್ರ ಸರ್ಕಾರವೂ 16 ರಾಜ್ಯಗಳೂ ಹಂಚಿಕೊಂಡು ಕೊಡುತ್ತವೆ.