ಮಂದ್ರವೇನು ಗಂಡಸರ ಪಿತ್ರಾರ್ಜಿತವೇ?

ಹೆಣ್ಣುಮಕ್ಕಳು ದನಿ ತಗ್ಗಿಸಿ ಮಾತಾಡಬೇಕು ಎಂದು ಬುದ್ಧಿ ಬಂದಾಗಿನಿಂದ ನಮಗೆ ಹೇಳಿಕೊಟ್ಟವರೇ, ನಾವು ನಿಜವಾಗಿ ತಗ್ಗುದನಿಯ ವಾದ್ಯವೊಂದನ್ನು ಕೈಗೆತ್ತಿಕೊಂಡರೆ ಹುಬ್ಬು ಗಂಟಿಕ್ಕುತ್ತಾರೆ. ನಾನು ಹೇಳುತ್ತಿರುವುದು ಹಿಂದೂಸ್ತಾನಿ ಸಂಗೀತದ ಉದ್ದನೆಯ ಕೊಳಲು, ದೊಡ್ಡ ಬಾನ್ಸುರಿಯ ವಿಷಯ. ನನ್ನ ಅಕ್ಕನ ಮಗಳು ಅದನ್ನೇ ಕಲಿಯುತ್ತೇನೆಂದು ಹಟ ಹಿಡಿದಳು. ಕಲಿಸುವ ಮೇಷ್ಟರು ಅವಳ ಬೆರಳು ನೋಡಲಿಲ್ಲ, ಒಮ್ಮೆ ಊದಿಸಿಯೂ ನೋಡಲಿಲ್ಲ. "ಅದಕ್ಕೆ ಗಂಡಸಿನ ಎದೆ ಬೇಕಮ್ಮ, ಹುಡುಗಿಯರಿಗೆ ಚಿಕ್ಕದೇ ಲಕ್ಷಣ" ಎಂದು ಮೊಳಕ್ಕಿಂತ ಗಿಡ್ಡದೊಂದು ಕೊಳಲು ಕೊಟ್ಟು ಕೂರಿಸಿಬಿಟ್ಟರು. ಲಕ್ಷಣವಂತೆ! ಕಲಿಯಲು ಹೋದವಳಿಗೂ ವಧುಪರೀಕ್ಷೆ ತಪ್ಪಲಿಲ್ಲ.

ಈ 'ಗಂಡಸಿನ ಎದೆ'ಯನ್ನೇ ಮೊದಲು ಒರೆಗೆ ಹಚ್ಚೋಣ. ಕೊಳಲಿನ ಶ್ರುತಿ ಕೆಳಗಿಳಿಯುವುದು ಊದುವವರ ತೋಳ್ಬಲದಿಂದಲ್ಲ, ಬಿದಿರಿನೊಳಗಿನ ಗಾಳಿಯ ಕಂಬದ ಉದ್ದದಿಂದ. ಆ ಉದ್ದ ಸುಮಾರು ಎರಡರಷ್ಟಾದರೆ ಸ್ವರ ಒಂದು ಸ್ಥಾಯಿ ಇಳಿಯುತ್ತದೆ. ಮಂದ್ರದ ಸ್ವರ ಹಿಡಿಯಲು ಬೇಕಾದದ್ದು ಸಡಿಲವಾದ ತುಟಿ, ಅವಸರವಿಲ್ಲದ ಉಸಿರು. ಬಲ ತೋರಿಸಲು ಹೋಗಿ ಜೋರಾಗಿ ಊದಿದಿರೋ, ಸ್ವರ ಅಲ್ಲಿ ನಿಲ್ಲದೆ ಮೇಲಿನ ಸ್ಥಾಯಿಗೆ ಹಾರಿಬಿಡುತ್ತದೆ. ಎದೆಯುಬ್ಬಿಸುವವನಿಗೆ ಮಂದ್ರ ಒಲಿಯುವುದೇ ಇಲ್ಲ! ಹಸಿಸೌದೆಯ ಒಲೆಯ ಮುಂದೆ ಕೂತು, ಕಣ್ಣಲ್ಲಿ ನೀರು ಸುರಿಸುತ್ತ ಊದುಗೊಳವೆ ಊದಿದ ನಮ್ಮ ಅಜ್ಜಿಯರಿಗೆ "ನಿಮ್ಮ ಎದೆಗೆ ತ್ರಾಣ ಸಾಲದು, ಎದ್ದೇಳಿ" ಎಂದು ಯಾವ ಗಂಡಸಾದರೂ ಹೇಳಿದ್ದುಂಟೇ? ಅನ್ನ ಬೇಯಿಸಲು ಸಾಲುವ ಉಸಿರು ರಾಗಕ್ಕೆ ಬಂದಾಗ ಮಾತ್ರ ಹೇಗೆ ಕಡಿಮೆಯಾಗುತ್ತದೋ ನನಗೆ ತಿಳಿಯದು.

ನಿಜವಾದ ತೊಡಕು ಬೆರಳಿನದು. ಅದನ್ನು ಮುಚ್ಚಿಡಬೇಕಾಗಿಲ್ಲ. ದನಗಾಹಿಯ ಕೈಯ ಬಿದಿರನ್ನು ರಾಗಾಲಾಪದ ಕಚೇರಿಗೆ ತಂದವರು ಪನ್ನಾಲಾಲ್ ಘೋಷ್ (1911–1960). ಖಯಾಲಿನ ನಿಧಾನಗತಿಗೂ ಗಾಂಭೀರ್ಯಕ್ಕೂ ಚಿಕ್ಕ ಕೊಳಲು ಸಾಲದೆಂದು ಅವರು 32 ಇಂಚಿನ, ಎರಡು ಮೊಳಕ್ಕೆ ಸ್ವಲ್ಪವೇ ಕಡಿಮೆಯ ಬಾನ್ಸುರಿಯನ್ನು ಬಳಕೆಗೆ ತಂದರು. ಇಷ್ಟುದ್ದದ ಬಿದಿರಿನಲ್ಲಿ ರಂಧ್ರಗಳು ದೂರದೂರ. ಬೆರಳ ತುದಿಯಿಂದ ಮುಚ್ಚುವುದು ಕಷ್ಟವಾದ್ದರಿಂದ ಬೆರಳನ್ನು ಚಪ್ಪಟೆಯಾಗಿಟ್ಟು, ಒಳಮೈಯಿಂದ ಮುಚ್ಚುವುದನ್ನು ಕಲಿಯಬೇಕು. ಕೈ ಚಿಕ್ಕದಾದವರು ಮಧ್ಯಮ ಗಾತ್ರದ ಕೊಳಲಿನಿಂದ ಶುರುಮಾಡಿ ಹಂತಹಂತವಾಗಿ ದೊಡ್ಡದಕ್ಕೆ ಹೋಗಬಹುದು. ಚಿಕ್ಕ ಕೈಯ ಗಂಡಸರಿಗೂ ಇದೇ ದಾರಿ. ಮೇಷ್ಟರು ಕೈ ಅಳೆದು ಹೇಳಲಿ, ಒಪ್ಪೋಣ. ಸೆರಗು ನೋಡಿ ಹೇಳಿದರೆ ಒಪ್ಪುವುದು ಹೇಗೆ? ಹರಿಪ್ರಸಾದ್ ಚೌರಾಸಿಯಾ ಅವರ ಶಿಷ್ಯೆಯರಾದ ದೇಬೊಪ್ರಿಯಾ ಮತ್ತು ಸುಚಿಸ್ಮಿತಾ ಚಟರ್ಜಿ ಸೋದರಿಯರು ಬಾನ್ಸುರಿ ಜುಗಲ್‌ಬಂದಿಯನ್ನೇ ನುಡಿಸುತ್ತಾರೆ.

ಕೊಳಲು ಬೇಡ, ಮದುವೆಮನೆಯ ನಾಗಸ್ವರವನ್ನೇ ತೆಗೆದುಕೊಳ್ಳಿ. ಅದರಲ್ಲೂ ಎರಡು ಬಗೆ: ಗಿಡ್ಡದಾಗಿ ಏರುಶ್ರುತಿಯಲ್ಲಿ ನುಡಿಯುವುದು ತಿಮಿರಿ, ಉದ್ದವಾಗಿ ತಗ್ಗುಶ್ರುತಿಯಲ್ಲಿ ನುಡಿಯುವುದು ಬಾರಿ. ಬಾರಿಗೆ ಮರ್ಯಾದೆ ತಂದುಕೊಟ್ಟವರಲ್ಲಿ ತಮಿಳುನಾಡಿನ ಟಿ. ಎನ್. ರಾಜರತ್ನಂ ಪಿಳ್ಳೆ (1898–1956) ಮೊದಲಿಗರು. ನಾಗಸ್ವರದಷ್ಟು ಉಸಿರು ಬೇಡುವ ವಾದ್ಯ ಇನ್ನೊಂದಿಲ್ಲ ಎನ್ನುತ್ತಾರೆ. ಅದನ್ನೇ ಮಧುರೈ ಎಂ. ಎಸ್. ಪೊನ್ನುತ್ತಾಯಿ ಗಂಡಸರ ಸಾಲಿನಲ್ಲಿ ನಿಂತು ನುಡಿಸಿದರು. ಗಂಡ ಶೇಖ್ ಮೆಹಬೂಬ್ ಸುಭಾನಿಯವರ ಜೊತೆ ನಾಗಸ್ವರ ನುಡಿಸುವ ಕಲೀಶಾಬಿಯವರಿಗೆ 2020ರಲ್ಲಿ ಪದ್ಮಶ್ರೀ ಬಂತು. ಉಸಿರಿಗೆ ಗಂಡು ಹೆಣ್ಣೆಂಬುದಿಲ್ಲ, ಅಭ್ಯಾಸವಿದೆ ಅಷ್ಟೇ.

ವಾದ್ಯದ ಮಾತು ಹಾಗಿರಲಿ. ತಗ್ಗುದನಿ ಹೆಣ್ಣಿಗೆ ಒಪ್ಪುವುದಿಲ್ಲ ಎನ್ನುವವರಿಗೆ ನಮ್ಮ ಹುಬ್ಬಳ್ಳಿಯಿಂದಲೇ ಉತ್ತರ ಸಿಕ್ಕಿ ಎಷ್ಟು ಕಾಲವಾಯಿತು! ಗಂಗೂಬಾಯಿ ಹಾನಗಲ್ (1913–2009) ಅವರ ದನಿ ಗಂಟಲಿನ ಚಿಕಿತ್ಸೆಯ ನಂತರ ದಪ್ಪಗಾಯಿತು. ಕೇಳಿದವರು ಗಂಡಸಿನ ದನಿಯೆಂದು ಬೆಚ್ಚಿದ್ದೂ ಉಂಟು. ಅವರು ದನಿಯನ್ನು ತೆಳ್ಳಗೆ ಮಾಡಿಕೊಳ್ಳುವ ಗೋಜಿಗೆ ಹೋಗಲಿಲ್ಲ. ಆ ದನಿಯಲ್ಲೇ ಕಿರಾಣಾ ಘರಾಣೆಯನ್ನು ಎತ್ತಿ ನಿಲ್ಲಿಸಿದರು.

ಇನ್ನು ನಮ್ಮ ಕಿವಿಯ ಪಾಲಿನ ತಪ್ಪನ್ನೂ ಹೇಳಿಬಿಡುತ್ತೇನೆ. ಧ್ವನಿವರ್ಧಕದ ಕಿರುಚಾಟಕ್ಕೆ ಒಗ್ಗಿದ ಕಿವಿಗೆ ಮಂದ್ರ "ಏನೋ ಗುಂಯ್ ಅನ್ನುತ್ತೆ, ನಿದ್ದೆ ಬರುತ್ತೆ" ಎನಿಸುತ್ತದೆ. ಫೋನಿನ ಪುಟ್ಟ ಸ್ಪೀಕರಿನಲ್ಲಿ ತಗ್ಗುಸ್ವರದ ಮೈಯೆಲ್ಲ ಸೋರಿಹೋಗಿ ಬರೀ ಎಲುಬು ಕೇಳಿಸುತ್ತದೆ. ಅದನ್ನೇ ಕೇಳಿ ರುಚಿಯಿಲ್ಲ ಎನ್ನುವುದು ಒಗ್ಗರಣೆ ವಾಸನೆ ನೋಡಿ ಊಟ ಬೇಡವೆಂದಂತೆ. ಮಿಕ್ಸಿ, ಟಿವಿ, ಫ್ಯಾನು ಎಲ್ಲ ಆರಿಸಿ, ಅರ್ಧ ಗಂಟೆ ಎದುರಿಗೇ ಕೂತು ಕೇಳಬೇಕು. ಮನೆಯಲ್ಲಿ ಎಲ್ಲರ ಕೂಗಿಗೂ ಓಗೊಡುವ ನಾವು ನಮಗಾಗಿ ಆ ಅರ್ಧ ಗಂಟೆ ಕೇಳಿ ಪಡೆಯುವುದಿಲ್ಲವಲ್ಲ, ಅದೇ ನನ್ನ ತಕರಾರು.

ಮಗಳನ್ನು ಸಂಗೀತಕ್ಕೆ ಸೇರಿಸಲು ಹೊರಟ ತಾಯಂದಿರಿಗೆ ನನ್ನದೊಂದೇ ಮಾತು. ಅವಳ ಮುಂದೆ ಎಲ್ಲ ಗಾತ್ರದ ಕೊಳಲುಗಳನ್ನೂ ಇಡಿಸಿ, ಒಂದೊಂದನ್ನೂ ಊದಲಿ. ದೊಡ್ಡದರಿಂದ ಮೊದಲ ದಿನ ಬರೀ ಗಾಳಿ ಬಂದೀತು, ಬರಲಿ. ಯಾವುದು ಬೇಕೆಂದು ಅವಳು ಹೇಳಲಿ. ಮೇಷ್ಟರು ಆಗುವುದಿಲ್ಲವೆಂದರೆ ಯಾಕೆ ಆಗುವುದಿಲ್ಲವೆಂದು ಅವರ ಎದುರಿಗೇ ನೀವು ಕೇಳಿ. ಆಗ ಮಾತ್ರ ದಯವಿಟ್ಟು ದನಿ ತಗ್ಗಿಸಬೇಡಿ.